ಎಲ್ಲರ ಪ್ರಾಜೆಕ್ಟೂ ಒಂದೇ ಥರ ಬರ್ತಿದೆ, ನೀವೇನು ಮಾಡ್ತೀರಿ?

ಕೇಳಿದವರು:
ಆರನೇ ತರಗತಿಗೆ ವಿಜ್ಞಾನ ತಗೋತೀನಿ. 38 ಮಕ್ಕಳು, 6 ಟ್ಯಾಬ್. ಡಿಜಿಟಲ್ ಪ್ರಾಜೆಕ್ಟ್ ಕೊಟ್ಟರೆ ಮಕ್ಕಳು ಸ್ವಂತವಾಗಿ ಏನಾದ್ರೂ ಮಾಡ್ತಾರೆ ಅಂದ್ಕೊಂಡಿದ್ದೆ. ಬಂದದ್ದು ಬರೀ ಸ್ಲೈಡ್‌ಗಳು. ಅದೇ ಟೆಂಪ್ಲೇಟು, ಅದೇ ಡೌನ್‌ಲೋಡ್ ಮಾಡಿದ ಚಿತ್ರ, ಅಕ್ಷರ ಮಾತ್ರ ಗಿರಗಿರ ತಿರುಗ್ತಾ ಬರುತ್ತೆ. ನಿಮ್ಮ ಕ್ಲಾಸಲ್ಲಿ ನಡೆದದ್ದು ಹೇಳಿ.

ಉತ್ತರ 1:
ಮೇಡಂ, ಟೆಂಪ್ಲೇಟ್ ಕೊಟ್ರೆ ಮಕ್ಕಳು ಟೆಂಪ್ಲೇಟ್ ತುಂಬ್ತಾರೆ, ಅವರ ತಪ್ಪೇನಿಲ್ಲ. ನಾನು ಸ್ಲೈಡ್ ಬಿಟ್ಟು ಸ್ಟಾಪ್ ಮೋಷನ್ ಹಿಡಿದೆ. ವಸ್ತುವನ್ನ ಚೂರು ಸರಿಸೋದು, ಫೋಟೋ ತೆಗೆಯೋದು, ಮತ್ತೆ ಸರಿಸೋದು; ಆ ಫೋಟೋಗಳನ್ನ ಒಂದರ ಹಿಂದೊಂದು ವೇಗವಾಗಿ ಓಡಿಸಿದ್ರೆ ವಸ್ತು ತಾನೇ ಚಲಿಸಿದ ಹಾಗೆ ಕಾಣುತ್ತೆ. ಸೆಕೆಂಡಿಗೆ 12 ಫೋಟೋ ಅಂದ್ರೆ 10 ಸೆಕೆಂಡಿಗೆ 120 ಬೇಕು, ಮಕ್ಕಳ ತಾಳ್ಮೆ ಅಲ್ಲಿಗೇ ಮುಗೀತು. ಸೆಕೆಂಡಿಗೆ 6 ಇಟ್ಕೊಳ್ಳಿ. ಚಲನೆ ಸ್ವಲ್ಪ ಕುಂಟುತ್ತೆ, ಆದ್ರೆ ಕೆಲಸ ಮುಗಿಯುತ್ತೆ. ಟ್ಯಾಬನ್ನ ಎರಡು ಪುಸ್ತಕದ ರಾಶಿ ಮಧ್ಯೆ ಅಲ್ಲಾಡದ ಹಾಗೆ ಕೂರಿಸಿ. ಒಬ್ಬರು ಸರಿಸ್ಲಿ, ಒಬ್ಬರು ಫೋಟೋ ತೆಗೀಲಿ, ಒಬ್ಬರು ಎಣಿಸ್ಲಿ, ಇನ್ನೊಬ್ಬರು ಯಾರ ಕೈಯೂ ಫ್ರೇಮಿನೊಳಗೆ ಉಳಿಯದ ಹಾಗೆ ಕಾಯ್ಲಿ. (ಈ ಕಾಯೋ ಕೆಲಸಕ್ಕೇ ಯಾಕೆ ಜಗಳವಾಡ್ತಾರೋ ಗೊತ್ತಿಲ್ಲ.)

ನಾನು ಹಾಕಿದ ನಿಯಮ ಒಂದೇ: ಫಿಲ್ಮಲ್ಲಿ ಅಕ್ಷರ ಇರಬಾರದು. ವಿಷಯ ಜಲಚಕ್ರ. ಒಂದು ಗುಂಪು ನೀಲಿ ದಾರದಿಂದ ಕೆರೆ ಮಾಡಿ, ಹತ್ತಿಯ ಮೋಡ ಇಟ್ಕೊಂಡು ಕೂತಿತ್ತು. ಅದರಲ್ಲೊಬ್ಬಳು, "ಮಿಸ್, ಆವಿ ಕಣ್ಣಿಗೆ ಕಾಣಲ್ವಲ್ಲ, ತೋರಿಸೋದು ಹೇಗೆ?" ಅಂದ್ಳು. ಪುಸ್ತಕದಲ್ಲಿ ಮೇಲ್ಮುಖ ಬಾಣ ಇರುತ್ತೆ. ಇವರು ಬಾಣ ಬೇಡ ಅಂದ್ರು. ಫೋಟೋಗೊಂದು ಎಳೆಯಂತೆ ದಾರ ತೆಗೀತಾ ಹೋದ್ರು, ನಡುವಿನ ಜಾಗ ಖಾಲಿ ಬಿಟ್ರು, ಮೇಲೆ ಹತ್ತಿ ಚೂರು ಚೂರೇ ಬೆಳೀತು. ಅದನ್ನ ನಾನು ಹೇಳಿಕೊಟ್ಟಿರಲಿಲ್ಲ, ನನಗೆ ಹೊಳೆದೂ ಇರಲಿಲ್ಲ.

ಉತ್ತರ 2:
ಕಂಪ್ಯೂಟರ್ ಇದ್ರೆ ಸ್ಕ್ರ್ಯಾಚ್ ನೋಡಿ, ಮಕ್ಕಳೇ ಪ್ರೋಗ್ರಾಂ ಮಾಡಿ ಕಥೆ, ಆಟ ಕಟ್ಟೋ ಸಾಫ್ಟ್‌ವೇರ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಬಿಟ್ಟದ್ದು, ಉಚಿತ, ಇಂಟರ್ನೆಟ್ ಇಲ್ಲದೆಯೂ ಓಡುತ್ತೆ. ಕೋಡ್ ಟೈಪ್ ಮಾಡಬೇಕಾಗಿಲ್ಲ, ಪರದೆ ಮೇಲೆ ಆಜ್ಞೆಗಳ ಬ್ಲಾಕ್ ಜೋಡಿಸೋದು.

ನನ್ನ ಕ್ಲಾಸಲ್ಲಿ ಸ್ಕ್ರ್ಯಾಚ್‌ನಲ್ಲಿ ಬರೋ ಬೆಕ್ಕಿನ ಚಿತ್ರವನ್ನ ಪರದೆಯ ಅಂಚಿಗೆ ನಡೆಸಿ ವಾಪಸ್ ತಿರುಗಿಸಿದಾಗ ಅದು ತಲೆಕೆಳಗಾಯ್ತು. ತಿರುಗೋ ರೀತಿಯನ್ನ ಎಡ-ಬಲ ಅಂತ ಬದಲಾಯಿಸಿದ್ರೆ ಸರಿಹೋಗುತ್ತೆ, ನಾನು ಹೇಳೋಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒಬ್ಬ ಹಿನ್ನೆಲೆಯನ್ನೇ ತಲೆಕೆಳಗು ಮಾಡಿ, ಚಾವಣಿ ಮೇಲೆ ಸಂಸಾರ ಮಾಡೋ ಬೆಕ್ಕಿನ ಕಥೆ ಶುರು ಮಾಡಿದ್ದ. ಅವತ್ತಿಂದ ಯಾರದ್ದಾದ್ರೂ ಪ್ರೋಗ್ರಾಂ ಕೆಟ್ರೆ ಸರಿಪಡಿಸೋ ಮುಂಚೆ, "ಇದು ಹೀಗೇ ಇರ್ಲಾ?" ಅಂತ ಕೇಳ್ತೀನಿ. ಹೆಚ್ಚಿನವರು ಬೇಡ ಅಂತಾರೆ, ಅದೂ ಸರಿಯೇ.

ಉತ್ತರ 3:
ಯಾವ ಆಪ್ ಅನ್ನೋದಕ್ಕಿಂತ ಎಷ್ಟು ಆಪ್ ಅನ್ನೋದು ನೋಡಿ. ನಾನು ಒಂದು ವರ್ಷ ತಿಂಗಳಿಗೊಂದು ಹೊಸದು ತಂದೆ, ಮಕ್ಕಳು ಬಟನ್ ಹುಡುಕೋದರಲ್ಲೇ ಪೀರಿಯಡ್ ಮುಗೀತಿತ್ತು. ಈಗ ವರ್ಷವಿಡೀ ಎರಡೇ. ಕಾಗದದಲ್ಲಿ ಆರು ಚೌಕ ಹಾಕಿ ಕಥೆ ಬಿಡಿಸಿ ತೋರಿಸೋವರೆಗೂ ಟ್ಯಾಬ್ ಮುಟ್ಟೋ ಹಾಗಿಲ್ಲ. ಗೊಣಗ್ತಾರೆ, ಗೊಣಗ್ಲಿ.

ಕೇಳಿದವರು:
ಅಂಕ ಹೇಗೆ ಕೊಡ್ತೀರಿ? ನನಗೆ ಅಲ್ಲೇ ತಲೆನೋವು.

ಉತ್ತರ 1:
ಮೊದಲ ಸಲ ಚೆನ್ನಾಗಿ ಕಂಡದ್ದಕ್ಕೆ ಕೊಟ್ಟೆ. ಮನೆಯಲ್ಲಿ ಒಳ್ಳೆ ಫೋನ್ ಇದ್ದವರೇ ಮೇಲೆ ಬಂದ್ರು, ನಾಚಿಕೆಯಾಯ್ತು. ಈಗ ಕೆಲಸವೆಲ್ಲ ಕ್ಲಾಸಲ್ಲೇ. ಜೊತೆಗೆ ಪ್ರತಿಯೊಬ್ಬರೂ ಮೂರು ಸಾಲು ಬರೆದುಕೊಡಬೇಕು: ಮೊದಲು ಏನು ಯೋಚಿಸಿದ್ದೆ, ಎಲ್ಲಿ ಬದಲಾಯಿಸಿದೆ, ಯಾರಿಂದ ಏನು ತಗೊಂಡೆ. ಅರ್ಧ ಅಂಕ ಆ ಮೂರು ಸಾಲಿಗೆ. ಆವಿಯ ಗುಂಪಿನ ಫಿಲ್ಮು ಮಸುಕಾಗಿತ್ತು, ಎರಡು ಕಡೆ ಬೆರಳೂ ಕಂಡಿತ್ತು. ಆದ್ರೂ "ಬಾಣ ಹಾಕಿದ್ರೆ ಆವಿ ಕಾಣುತ್ತೆ ಅಂದ್ಕೋತಾರೆ, ಅದಕ್ಕೇ ತೆಗೆದ್ವಿ" ಅಂತ ಬರೆದಿದ್ರು. ಪೂರ್ತಿ ಅಂಕ ಕೊಟ್ಟೆ.