ಮೀನಿನ ಹುರುಪೆ ತರದ ಮೋಡ: ಸಿರೋಕ್ಯುಮುಲಸ್ಸಾ, ಆಲ್ಟೋಕ್ಯುಮುಲಸ್ಸಾ?

ತಾರಸಿಹಕ್ಕಿ:
ಒಂದು ತಿಂಗಳಿಂದ ದಿನಾ ಮೋಡದ ಫೋಟೋ ತೆಗೆದು ಹೆಸರು ಬರೆದಿಡುತ್ತಿದ್ದೇನೆ. ಹತ್ತಿಯ ಗುಡ್ಡೆ ತರ ಇದ್ದರೆ ಕ್ಯುಮುಲಸ್, ಎಳೆ ಎಳೆಯಾಗಿದ್ದರೆ ಸಿರಸ್, ಇಷ್ಟು ಬರುತ್ತದೆ. ಆದರೆ ಮೀನಿನ ಹುರುಪೆ ತರ ಸಣ್ಣ ಸಣ್ಣ ತುಂಡುಗಳು ಆಕಾಶವೆಲ್ಲ ಹರಡಿರುತ್ತವಲ್ಲ, ಅಲ್ಲಿ ತಲೆ ಕೆಡುತ್ತದೆ. ಸಿರೋಕ್ಯುಮುಲಸ್ ತುಂಬಾ ಮೇಲೆ, ಆಲ್ಟೋಕ್ಯುಮುಲಸ್ ನಡುವೆ ಅಂತ ಓದಿದೆ. ನೆಲದ ಮೇಲೆ ನಿಂತವರಿಗೆ ಎತ್ತರ ಹೇಗೆ ತಿಳಿಯಬೇಕು? ಫೋನಿನ ಆ್ಯಪ್ ಅಂತೂ ಒಂದೇ ಮೋಡಕ್ಕೆ ಎರಡು ಸಲ ಎರಡು ಹೆಸರು ಹೇಳಿತು.

ಮುಗಿಲುಮರುಳ:
ಎತ್ತರ ಬಿಡಿ, ಬೆರಳು ಸಾಕು. ಕೈಯನ್ನು ಪೂರ್ತಿ ಚಾಚಿ ಕಿರುಬೆರಳನ್ನು ಒಂದು ತುಂಡಿನ ಮೇಲೆ ಹಿಡಿಯಿರಿ. ತುಂಡು ಬೆರಳ ಹಿಂದೆ ಮರೆಯಾದರೆ ಸಿರೋಕ್ಯುಮುಲಸ್. ಬೆರಳಿಗಿಂತ ಅಗಲ, ಆದರೆ ಮೂರು ಬೆರಳು ಸೇರಿಸಿದರೆ ಮುಚ್ಚುತ್ತದೆ ಅಂದರೆ ಆಲ್ಟೋಕ್ಯುಮುಲಸ್. ಅದಕ್ಕಿಂತಲೂ ದೊಡ್ಡದಾದರೆ ಸ್ಟ್ರಾಟೋಕ್ಯುಮುಲಸ್. ದಿಗಂತದ ಹತ್ತಿರದ ಮೋಡಕ್ಕೆ ಈ ಲೆಕ್ಕ ಹಾಕಬೇಡಿ, ದೂರ ಇರುವುದರಿಂದ ಎಲ್ಲವೂ ಚಿಕ್ಕದಾಗಿಯೇ ಕಾಣುತ್ತವೆ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ, ಹಾಗಾಗಿ ಮೂರು ಮುಷ್ಟಿಗಿಂತ ಮೇಲಿರುವುದನ್ನೇ ಅಳೆಯಿರಿ. (ಆಲ್ಟೋ ಅಂದರೆ ಎತ್ತರ ಅಂತ ಅರ್ಥ, ಹೆಸರಿಟ್ಟಿರುವುದು ಮಾತ್ರ ನಡುವಿನ ಮೋಡಕ್ಕೆ. ಯಾರಿಗೆ ಗೊಂದಲ ಆಗಲ್ಲ ಹೇಳಿ!)

ಗೇಣುಗಾತ್ರ:
ಬೆರಳಿನ ಜೊತೆ ನೆರಳನ್ನೂ ನೋಡಿ. ಸಿರೋಕ್ಯುಮುಲಸ್ ತುಂಡುಗಳಲ್ಲಿ ಬೂದು ಛಾಯೆಯೇ ಇರುವುದಿಲ್ಲ, ಬರೀ ಬಿಳಿ. ತುಂಡಿನ ಒಂದು ಮಗ್ಗುಲು ಕಂದಿದ್ದರೆ ಅದು ಆಲ್ಟೋ. ಝೂಮ್ ಮಾಡಿದ ಫೋಟೋದಲ್ಲಿ ಅಳತೆಯೇ ಉಳಿಯಲ್ಲ, ಪಾಪ ಆ್ಯಪ್ ಏನು ಮಾಡೀತು? ಇಡೀ ಆಕಾಶಕ್ಕೆ ಪರದೆ ಕಟ್ಟಿದ ಹಾಗಿದ್ದರೆ ಬೇರೆ ಉಪಾಯ. ಸೂರ್ಯನಿಂದ ಸುಮಾರು ಒಂದು ಗೇಣು ದೂರದಲ್ಲಿ ಬಳೆ ಕಂಡರೆ ಸಿರೋಸ್ಟ್ರಾಟಸ್, ಅದರಲ್ಲಿರುವ ಹಿಮದ ಹರಳುಗಳು ಬೆಳಕನ್ನು ಬಾಗಿಸುವುದರಿಂದ ಬಳೆ ಮೂಡುತ್ತದೆ. ಬಳೆ ಇಲ್ಲ, ಸೂರ್ಯ ಉಜ್ಜಿದ ಗಾಜಿನ ಹಿಂದಿದ್ದ ಹಾಗೆ ಮಸುಕು, ನೆಲದ ಮೇಲೆ ನಿಮ್ಮ ನೆರಳೂ ಬೀಳುತ್ತಿಲ್ಲ ಅಂದರೆ ಆಲ್ಟೋಸ್ಟ್ರಾಟಸ್. ನೋಡುವಾಗ ಸೂರ್ಯನನ್ನು ಕೈಯಿಂದ ಮರೆ ಮಾಡಿಕೊಳ್ಳಿ.

ತಾರಸಿಹಕ್ಕಿ:
ಈಗಷ್ಟೇ ಹಿಡಿದು ನೋಡಿದೆ, ಎರಡು ಬೆರಳು ಅಗಲ! ಅಲ್ಲಿಗೆ ನಾನು ಸಿರೋಕ್ಯುಮುಲಸ್ ಅಂತ ಬರೆದದ್ದೆಲ್ಲ ಅನುಮಾನವೇ. ಇನ್ನೊಂದು, ಮಳೆ ಸುರಿಸುವ ಕರಿಮೋಡವೆಲ್ಲ ನಿಂಬಸ್ ತಾನೇ?

ಮುಗಿಲುಮರುಳ:
ಲ್ಯೂಕ್ ಹೊವಾರ್ಡ್ 1802ರಲ್ಲಿ ಮೋಡಗಳಿಗೆ ಹೆಸರಿಟ್ಟಾಗ ಹಾಗಿತ್ತು. ಈಗಿನ ಹತ್ತು ಮುಖ್ಯ ಬಗೆಗಳಲ್ಲಿ ಬರೀ ನಿಂಬಸ್ ಅಂತ ಇಲ್ಲ. ಬಿಡದೆ ಒಂದೇ ಸಮ ಸುರಿಯುವ ಬೂದು ಹಾಸು ನಿಂಬೋಸ್ಟ್ರಾಟಸ್. ಗುಡುಗು, ಮಿಂಚು, ಆಲಿಕಲ್ಲು ಇದ್ದರೆ ಕ್ಯುಮುಲೋನಿಂಬಸ್. ಅದರ ತಲೆ ಕಮ್ಮಾರನ ಅಡಿಗಲ್ಲಿನ ಹಾಗೆ ಚಪ್ಪಟೆಯಾಗಿ ಹರಡಿರುತ್ತದೆ, ಆದರೆ ಅದು ಕಾಣುವುದು ದೂರದಿಂದ ಮಾತ್ರ. ಕೆಳಗೆ ಸಿಕ್ಕಿಕೊಂಡವರಿಗೆ ಬರೀ ಕತ್ತಲೆ. ಗುಡುಗು ಕೇಳಿದರೆ ಬೆರಳು ಚಾಚುತ್ತಾ ತಾರಸಿ ಮೇಲೆ ನಿಲ್ಲಬೇಡಿ ಮಾರಾಯ್ರೇ, ಒಳಗೆ ಹೋಗಿ.