ಅಡಿಕೆ ದುಡ್ಡು, ಷೇರು ನಕ್ಷೆ: ಮನೆಯ ವಾಟ್ಸಾಪ್ ಗುಂಪಿನ ಒಂದು ರಾತ್ರಿ

ಅಣ್ಣ, ಶಿವಮೊಗ್ಗ, ರಾತ್ರಿ 7.52
[ಫಾರ್ವರ್ಡ್ ಆದ ಚಿತ್ರ: ಕೆಂಪು, ಹಸಿರು ಕ್ಯಾಂಡಲ್‌ಗಳ (ಷೇರು ಬೆಲೆಯ ಏರಿಳಿತ ತೋರಿಸುವ ಕಂಬಗಳ) ನಕ್ಷೆ. ತಗ್ಗಿನಲ್ಲಿ ‘ಇಲ್ಲಿ ಕೊಳ್ಳಿ’, ತುದಿಯಲ್ಲಿ ‘ಇಲ್ಲಿ ಮಾರಿ’ ಎಂಬ ಬಾಣಗಳು. ಅಡಿಬರಹ: ‘ಹತ್ತಕ್ಕೆ ಒಂಬತ್ತು ಸಲ ಗೆಲುವು. ಮೂರು ದಿನದ ತರಬೇತಿ.’]
ಅಪ್ಪಾ, ನಾನು ಹೇಳುತ್ತಿದ್ದುದು ಇದನ್ನೇ. ಈ ಸಲ ರಾಶಿ ಅಡಿಕೆ ಮಾರಿದ ಹಣದಲ್ಲಿ ಎರಡು ಲಕ್ಷ ಕೊಡಿ. ತರಬೇತಿ ಮುಗಿಸಿ ಆಪ್ಷನ್ ವ್ಯವಹಾರ, ಎಂದರೆ ಗೊತ್ತಾದ ದಿನದೊಳಗೆ ಗೊತ್ತಾದ ದರಕ್ಕೆ ಷೇರು ಕೊಳ್ಳುವ ಇಲ್ಲವೇ ಮಾರುವ ಹಕ್ಕಿನ ವ್ಯಾಪಾರ, ಶುರು ಮಾಡುತ್ತೇನೆ.

ದೊಡ್ಡಪ್ಪ, ತೀರ್ಥಹಳ್ಳಿ, 8.04
ಕೊಡಬೇಡ. ಅದು ಜೂಜು. ಕೊಳೆರೋಗ ಬಾರದಂತೆ ಮಳೆ ಬಿಡುವು ಕೊಟ್ಟಾಗಲೆಲ್ಲ ಬೋರ್ಡೊ ದ್ರಾವಣ ಹೊಡೆಸಿ, ಎಲೆಚುಕ್ಕಿಯ ಕಾಟ ಸಹಿಸಿ ಉಳಿಸಿಕೊಂಡ ಫಸಲು ಅದು. ಗೆರೆ ನೋಡಿ ನಾಳೆಯನ್ನು ಹೇಳುವವರು ಪೇಟೆಯಲ್ಲಿ ಯಾರೂ ಇಲ್ಲ.

ಅಣ್ಣ, 8.09
ದೊಡ್ಡಪ್ಪ, ನೀವು ಮಾಡುವುದೂ ಇದನ್ನೇ ಅಲ್ಲವೇ? ಬೆಳಗ್ಗೆ ಎದ್ದು ಮೊದಲು ನೋಡುವುದು ಅಡಿಕೆ ಧಾರಣೆ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು ಎಂದು. ಹಿಂದೆ ಕೈತಪ್ಪಿದ ದರ ಮತ್ತೆ ಬರುವವರೆಗೆ ಮಾರುವುದಿಲ್ಲ ಎಂದು ಅಟ್ಟದ ಮೇಲೆ ಮೂಟೆ ಇಟ್ಟುಕೊಂಡು ಕೂರುತ್ತೀರಿ. ನಿಮ್ಮ ಹಾಗೆ ನೂರು ಜನ ಅದೇ ದರಕ್ಕೆ ಕಾಯುತ್ತಿದ್ದರೆ, ದರ ಅಲ್ಲಿಗೆ ಮುಟ್ಟಿದ ದಿನ ಎಲ್ಲರ ಮೂಟೆಯೂ ಮಂಡಿಗೆ ಬರುತ್ತದೆ, ಏರಿಕೆ ಅಲ್ಲೇ ನಿಲ್ಲುತ್ತದೆ. ಷೇರಿನಲ್ಲಿ ಅದಕ್ಕೆ ರೆಸಿಸ್ಟೆನ್ಸ್ ಎನ್ನುತ್ತಾರೆ.

ಚಿಕ್ಕಮ್ಮ, ಸಾಗರ, 8.13
ಇದು ಒಳ್ಳೆಯ ಮಾತು. ಬೆಲೆಗೆ ನೆನಪಿಲ್ಲ, ಆದರೆ ಕೊಂಡವರಿಗೆ ಇದೆ. ನಕ್ಷೆಯಲ್ಲಿ ಏನಾದರೂ ಹುರುಳಿದ್ದರೆ ಅದು ಇಷ್ಟೇ.

ದೊಡ್ಡಪ್ಪ, 8.20
ದರ ಬಾರದಿದ್ದರೂ ಅಟ್ಟದಲ್ಲಿ ನನ್ನ ಅಡಿಕೆ ಇರುತ್ತದೆ. ಮುಂದಿನ ತಿಂಗಳು ಮಾರುತ್ತೇನೆ. ನಿನ್ನ ಆಪ್ಷನ್ನಿಗೆ ವಾಯಿದೆ ಇದೆ. ಅಂದುಕೊಂಡದ್ದು ಆ ದಿನದೊಳಗೆ ಆಗದಿದ್ದರೆ ಕೊಟ್ಟ ಹಣ ಪೂರ್ತಿ ಸೊನ್ನೆ. ಮೂಟೆಯನ್ನೂ ಅದನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಅಪ್ಪ, ಹೊಸನಗರ, 8.22
ನೀನು ಏನು ಹೇಳುತ್ತೀ ತಂಗಿ? ವಾಣಿಜ್ಯ ಪಾಠ ಮಾಡಿದವಳು ನೀನು.

ಚಿಕ್ಕಮ್ಮ, 8.47
ಭಾವ, ಬರೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹಳೆಯ ಪುಸ್ತಕವೊಂದನ್ನು ಹುಡುಕುತ್ತಿದ್ದೆ.

ಮೊದಲು ಚಿತ್ರದ ಮಾತು. ಆ ಎರಡು ಬಾಣಗಳನ್ನು ಬೆಲೆ ಏರಿ ಮುಗಿದ ಮೇಲೆ ಹಾಕಿದ್ದಾರೆ. ಮಳೆ ಬಂದು ಹೋದ ಮೇಲೆ ಪಂಚಾಂಗ ತಿದ್ದಿದ ಹಾಗೆ. ಅದೇ ನಕ್ಷೆಯ ಎಡಭಾಗವನ್ನು ದೊಡ್ಡದು ಮಾಡಿ ನೋಡು ಮಗ. ಕೆಳಗಿನ ಆರ್‌ಎಸ್‌ಐ ಗೆರೆ (ಏರಿಳಿತದ ಬಲವನ್ನು 0ಯಿಂದ 100ರೊಳಗೆ ತೋರಿಸುವ ಅಳತೆ) ಅಲ್ಲಿಯೂ 30ರ ಕೆಳಗೆ ಇಳಿದಿದೆ, ಒಮ್ಮೆಯಲ್ಲ, ಮೂರು ಸಲ. ಮೂರು ಸಲವೂ ಬೆಲೆ ಇನ್ನಷ್ಟು ಕುಸಿದಿದೆ. ಅಲ್ಲಿ ಯಾವ ಬಾಣವೂ ಇಲ್ಲ. ವೈಲ್ಡರ್ ಎಂಬಾತ 1978ರಲ್ಲಿ ಈ ಅಳತೆಯನ್ನು ಕೊಟ್ಟದ್ದು 14 ದಿನಗಳ ಏರಿಳಿತದ ಬಲವನ್ನು ತೂಗಲು. 30ರ ಕೆಳಗಿದೆ ಎಂದರೆ ಇತ್ತೀಚೆಗೆ ಜೋರಾಗಿ ಬಿದ್ದಿದೆ ಎಂದರ್ಥ. ಇನ್ನು ಬೀಳುವುದಿಲ್ಲ ಎಂದಲ್ಲ.

ಎರಡನೆಯದು, ‘ಹತ್ತಕ್ಕೆ ಒಂಬತ್ತು’. ಒಂಬತ್ತು ಸಲ ತಲಾ 500 ರೂಪಾಯಿ ಬಂದು ಹತ್ತನೆಯ ಸಲ 6,000 ಹೋದರೆ ಕೈಯಿಂದಲೇ 1,500 ಕೊಟ್ಟಂತೆ. ಹತ್ತರಲ್ಲಿ ನಾಲ್ಕೇ ಸಲ ಗೆದ್ದರೂ ಗೆದ್ದಾಗ 2,000 ಬಂದು ಸೋತಾಗ 1,000ಕ್ಕೆ ನಿಲ್ಲಿಸಿದರೆ 2,000 ಉಳಿಯುತ್ತದೆ, ಅದೂ ಖರ್ಚಿಗೆ ಮುಂಚೆ. ಎಷ್ಟು ಸಲ ಗೆದ್ದೆ ಎಂದು ಮಾತ್ರ ಹೇಳಿ ಎಷ್ಟು ಸೋತೆ ಎಂದು ಹೇಳದವನಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಸಲಹೆ ಮಾರುವವನಾದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನೋಂದಣಿ ಸಂಖ್ಯೆ ಕೇಳು. ಆ ಚಿತ್ರದಲ್ಲಿ ಅದು ಎಲ್ಲಿಯೂ ಇಲ್ಲ.

ಅಣ್ಣ, 8.55
ಚಿಕ್ಕಮ್ಮ, ಒಬ್ಬ ಜಾಹೀರಾತುದಾರ ಸುಳ್ಳು ಹೇಳಿದರೆ ವಿದ್ಯೆಯೇ ಸುಳ್ಳಾಗುವುದಿಲ್ಲ. ಬ್ರಾಕ್ ಮತ್ತು ಇತರ ಸಂಶೋಧಕರು 1992ರಲ್ಲಿ ಅಮೆರಿಕದ ಡೌ ಜೋನ್ಸ್ ಷೇರು ಸೂಚ್ಯಂಕದ 1897ರಿಂದ 1986ರವರೆಗಿನ ದರಗಳ ಮೇಲೆ ಚಲಿಸುವ ಸರಾಸರಿಯ (ಕಳೆದ ಇಷ್ಟು ದಿನಗಳ ಸರಾಸರಿ ದರದ) ನಿಯಮಗಳನ್ನು ಪರೀಕ್ಷಿಸಿದ್ದಾರೆ. ಫಲ ಬರೀ ಕಾಕತಾಳೀಯ ಅಲ್ಲ ಎಂದೇ ಕಂಡಿತು.

ಚಿಕ್ಕಮ್ಮ, 9.02
ಓದಿದ್ದೀಯ, ಸಂತೋಷ. ಮುಂದಿನದನ್ನೂ ಓದು. 1999ರಲ್ಲಿ ಸಲಿವನ್, ಟಿಮರ್‌ಮನ್, ವೈಟ್ ಎಂಬ ಸಂಶೋಧಕರು ಇಂಥ ಸಾವಿರಾರು ನಿಯಮಗಳನ್ನು ಒಟ್ಟಿಗೆ ತೂಗಿದರು. ಹಳೆಯ ದರಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಂಡ ನಿಯಮ 1986ರ ನಂತರದ ಹತ್ತು ವರ್ಷಗಳಲ್ಲಿ ಕೈಕೊಟ್ಟಿತು. ಸಾವಿರ ಗೆರೆ ಎಳೆದರೆ ಒಂದಾದರೂ ಹಳೆಯ ದರಕ್ಕೆ ಹೊಂದಿಯೇ ಹೊಂದುತ್ತದೆ.

ದೊಡ್ಡಪ್ಪ, 9.05
ನಾನು ಹೇಳಿದ್ದೂ ಅದೇ.

ಚಿಕ್ಕಮ್ಮ, 9.06
ಇಲ್ಲ ದೊಡ್ಡ ಭಾವ, ನೀವು ಹೇಳಿದ್ದು ಜೂಜು ಎಂದು. ನಾನು ಹಾಗೆ ಹೇಳುವುದಿಲ್ಲ.

ಚಿಕ್ಕಮ್ಮ, 9.24
[ಚಿತ್ರ: ಅಡಿಕೆ ಲೆಕ್ಕದ ಉದ್ದನೆಯ ಪುಸ್ತಕದ ಒಂದು ಪುಟ]
ನಿವೃತ್ತಿಯ ನಂತರ ಎರಡು ವರ್ಷ ನಾನೂ ಷೇರು ಕೊಂಡು ಮಾರಿದೆ. ನಿಮಗಾರಿಗೂ ಹೇಳಿರಲಿಲ್ಲ. ಒಟ್ಟು 41 ವ್ಯವಹಾರ, 17ರಲ್ಲಿ ಲಾಭ. ಮೇಲ್ನೋಟಕ್ಕೆ ಸ್ವಲ್ಪ ಉಳಿದಿತ್ತು. ದಲ್ಲಾಳಿ ಶುಲ್ಕ, ತೆರಿಗೆ ಕಳೆದಾಗ ಅದೂ ಹೋಯಿತು.

ಪುಟದ ನಾಲ್ಕನೆಯ ಸಾಲು ನೋಡಿ. ಸ್ಟಾಪ್‌ಲಾಸ್, ಎಂದರೆ ಇಷ್ಟಕ್ಕೆ ಇಳಿದರೆ ಮಾರಿ ಹೊರಬರಬೇಕು ಎಂಬ ದರದ ಕಲಮಿನಲ್ಲಿ 412 ಎಂದು ಬರೆದು ಹೊಡೆದುಹಾಕಿದ್ದೇನೆ. ಪಕ್ಕದಲ್ಲಿ 398, ಅದನ್ನೂ ಹೊಡೆದಿದ್ದೇನೆ. ಆಮೇಲೆ 380. ಕೊನೆಗೆ 341ಕ್ಕೆ ಮಾರಿದೆ. 412ರ ಕೆಳಗೆ ಹೋದರೆ ನಿನ್ನ ಲೆಕ್ಕ ತಪ್ಪು ಎಂದು ನಕ್ಷೆ ಮೊದಲೇ ತೋರಿಸಿತ್ತು. ಪೆನ್ನು ಹಿಡಿದು ಆ ಗೆರೆಯನ್ನು ಕೆಳಗೆ ಸರಿಸಿದ್ದು ನಾನು.

ನನಗೆ ಈ ವಿದ್ಯೆಯಲ್ಲಿ ಕಂಡ ಬೆಲೆ ಅಷ್ಟೇ. ಎಲ್ಲಿ ಹೊರಬರಬೇಕು, ಎಷ್ಟಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂದು ಮೊದಲೇ ಗೊತ್ತುಮಾಡಲು ಅದು ಸಹಾಯಕ್ಕೆ ಬರುತ್ತದೆ. ನಾಳೆ ಏನಾಗುತ್ತದೆ ಎಂದು ಹೇಳಲು ಬರುವುದಿಲ್ಲ. 2024ರ ಜೂನ್ 3ರ ಸಂಜೆ ಷೇರುಪೇಟೆಯ ಸೂಚ್ಯಂಕ ನಿಫ್ಟಿ 23,263ರಲ್ಲಿತ್ತು. ಮತಗಟ್ಟೆ ಸಮೀಕ್ಷೆ ನಂಬಿ ಪೇಟೆ ಹಿಗ್ಗಿತ್ತು, ನಕ್ಷೆಯಲ್ಲಿ ಮೇಲಕ್ಕೆ ದೊಡ್ಡ ಜಿಗಿತ. ಮರುದಿನ ಮತ ಎಣಿಕೆ, ಸಂಜೆಗೆ 21,884. ಮತಪೆಟ್ಟಿಗೆಯಲ್ಲಿ ಏನಿದೆ ಎಂದು ಯಾವ ಕ್ಯಾಂಡಲ್ಲಿಗೂ ತಿಳಿದಿರಲಿಲ್ಲ.

ಅಣ್ಣ, 9.31
ನೀವು ಸಾಲು ಬಿಡದೆ ಎಲ್ಲವನ್ನೂ ಬರೆದಿಟ್ಟಿದ್ದೀರಿ. ನಾನು ಮೊಬೈಲಿನಲ್ಲಿ ಗೆದ್ದವುಗಳ ಚಿತ್ರ ಮಾತ್ರ ಉಳಿಸಿಕೊಂಡಿದ್ದೇನೆ.

ಅಪ್ಪ, 9.33
ಎಂದರೆ ಈಗಾಗಲೇ ಮಾಡುತ್ತಿದ್ದೀಯಾ?

ಅಣ್ಣ, 9.40
ಸ್ವಲ್ಪ. ಸಂಬಳದಲ್ಲಿ. 38,000 ಹೋಗಿದೆ ಅಪ್ಪ.

ಅತ್ತಿಗೆ, ಶಿವಮೊಗ್ಗ, 9.41
ಇದನ್ನು ನಾನು ಈಗ ಈ ಗುಂಪಿನಲ್ಲಿ ಓದಿ ತಿಳಿಯಬೇಕಾಯಿತು.

ಚಿಕ್ಕಮ್ಮ, 9.50
ಯಾರೂ ಅವನನ್ನು ಬೈಯಬೇಡಿ. ಹೇಳಿದ್ದಾನಲ್ಲ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಲೆಕ್ಕ ಕೊಟ್ಟಿದೆ. ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನಕ್ಕೆ ಈಗಲೇ ದರ ಗೊತ್ತುಮಾಡುವ ಕರಾರು) ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಾಪಾರಿಗಳಲ್ಲಿ ಶೇ. 93 ಮಂದಿ ಸೋತಿದ್ದಾರೆ. ಖರ್ಚೂ ಸೇರಿ ತಲಾ ಸುಮಾರು ಎರಡು ಲಕ್ಷ. ನೀನು ಅಪ್ಪನನ್ನು ಕೇಳಿದ್ದೂ ಎರಡು ಲಕ್ಷ.

ಅಣ್ಣ, 9.53
ಅವರೆಲ್ಲ ನಕ್ಷೆ ನೋಡಿಯೇ ಸೋತರು ಎಂದು ಅದರಲ್ಲಿ ಇಲ್ಲ.

ಚಿಕ್ಕಮ್ಮ, 9.55
ಇಲ್ಲ, ಒಪ್ಪಿದೆ. ಆದರೆ ನೀನು ಇಳಿಯುತ್ತಿರುವುದು ಅದೇ ಹೊಳೆಗೆ. ಮೂರು ತಿಂಗಳು ಹಣ ಹಾಕಬೇಡ. ಪ್ರತಿದಿನ ಪೇಟೆ ತೆರೆಯುವ 9.15ಕ್ಕೆ ಮುಂಚೆ ಈ ಗುಂಪಿನಲ್ಲಿಯೇ ಬರೆ: ಯಾವ ಷೇರು, ಎಷ್ಟಕ್ಕೆ, ಯಾವ ಕಾರಣಕ್ಕೆ, ಎಷ್ಟಕ್ಕೆ ಇಳಿದರೆ ಹೊರಗೆ. ಬರೆದದ್ದನ್ನು ಅಳಿಸಬಾರದು.

ಅಪ್ಪ, 10.02
ಅಡಿಕೆ ಹಣ ಸೊಸೈಟಿಯ ಸಾಲಕ್ಕೆ ಹೋಗುತ್ತದೆ. ಮೂರು ತಿಂಗಳ ನಂತರ ಪುಸ್ತಕ ತೆಗೆದುಕೊಂಡು ಊರಿಗೆ ಬಾ. ಕೂತು ನೋಡೋಣ.

ಅಣ್ಣ, ಮರುದಿನ ಬೆಳಗ್ಗೆ 8.58
ಒಂದನೆಯ ದಿನ. ನಿಫ್ಟಿ ಬೀಸ್ (ನಿಫ್ಟಿಯನ್ನು ಹಿಂಬಾಲಿಸುವ, ಷೇರಿನ ಹಾಗೆ ಕೊಂಡು ಮಾರಬಹುದಾದ ಫಂಡ್), ನಿನ್ನೆಯ ಗರಿಷ್ಠ ದಾಟಿದರೆ ಕೊಳ್ಳುವುದು. ನಿನ್ನೆಯ ಕನಿಷ್ಠಕ್ಕಿಂತ ಇಳಿದರೆ ಹೊರಗೆ.

ಚಿಕ್ಕಮ್ಮ, 9.03
ಕಾರಣ ಬರೆದಿಲ್ಲ. ಇನ್ನೂ ಹನ್ನೆರಡು ನಿಮಿಷ ಇದೆ.