ಒಪ್ಪಿಗೆಯಿಲ್ಲದೆ ಒತ್ತಿದ ಮೊಹರು ಗಡಿಯಲ್ಲಿ ಹೇಗೆ ನಡೆಯಿತು?

ಪ್ರೌಢಶಾಲಾ ಶಿಕ್ಷಕಿ:

ಎರಡನೇ ಮಹಾಯುದ್ಧದ ಪಾಠ ಮಾಡುವಾಗ ಪುಸ್ತಕದಲ್ಲಿಲ್ಲದ ಒಂದು ಸಂಗತಿ ಹೇಳಿದೆ. 1940ರಲ್ಲಿ ಲಿಥುವೇನಿಯಾದ ಕೌನಾಸ್ ನಗರದಲ್ಲಿದ್ದ ಜಪಾನಿನ ಉಪ ಕಾನ್ಸುಲ್ ಚಿಯುನೆ ಸುಗಿಹಾರ, ಪೋಲೆಂಡಿನಿಂದ ಓಡಿಬಂದಿದ್ದ ಯಹೂದಿಗಳಿಗೆ ತಮ್ಮ ಸರ್ಕಾರದ ಅಪ್ಪಣೆ ಮೀರಿ ವೀಸಾ ಬರೆದುಕೊಟ್ಟದ್ದು. ಹಿಂದಿನ ಬೆಂಚಿನ ಹುಡುಗಿ ಎದ್ದು, "ಮೇಡಂ, ಸರ್ಕಾರವೇ ಬೇಡ ಎಂದ ಮೇಲೆ ಆ ವೀಸಾ ನಡೆದದ್ದು ಹೇಗೆ? ಗಡಿಯಲ್ಲಿ ಯಾರೂ ತಡೆಯಲಿಲ್ಲವೆ?" ಎಂದಳು. ಸೋಮವಾರ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ. ತಿಳಿದವರು ದಯವಿಟ್ಟು ಬರೆಯಿರಿ.

ನಿವೃತ್ತ ಗುಮಾಸ್ತ:

ಮೇಡಂ, ಆ ಮಗುವಿಗೆ ನನ್ನ ಮೆಚ್ಚುಗೆ ತಿಳಿಸಿ. ಮೂವತ್ತೊಂದು ವರ್ಷ ಕಡತಗಳ ನಡುವೆ ಕಳೆದವನು ನಾನು; ಸುಗಿಹಾರರ ಬಗ್ಗೆ ಓದುವಾಗಲೆಲ್ಲ ನನಗೂ ಇದೇ ಪ್ರಶ್ನೆ ಕಾಡುತ್ತಿತ್ತು.

ಟೋಕಿಯೊ "ಯಹೂದಿಗಳಿಗೆ ಕೊಡಬೇಡ" ಎಂದು ಬರೆಯಲಿಲ್ಲ. ಎರಡು ಷರತ್ತು ಹಾಕಿತು: ಜಪಾನನ್ನು ದಾಟಿ ಹೋಗುವವನ ಬಳಿ ಮುಂದಿನ ದೇಶದ ಪ್ರವೇಶ ಪರವಾನಗಿ ಇರಬೇಕು, ದಾರಿಖರ್ಚಿಗೂ ತಂಗುವುದಕ್ಕೂ ಹಣ ಇರಬೇಕು. ಕಾಗದದ ಮೇಲೆ ಎಷ್ಟು ನ್ಯಾಯವಾಗಿ ಕಾಣುತ್ತದೆ! ಮನೆಮಠ ಬಿಟ್ಟು ಬಂದು ಗೇಟಿನ ಹೊರಗೆ ನಿಂತ ಬಹುಪಾಲು ಜನರ ಬಳಿ ಎರಡೂ ಇರಲಿಲ್ಲ. ಆಗಸ್ಟ್ 16ರಂದು ವಿದೇಶಾಂಗ ಸಚಿವಾಲಯದಿಂದ ತಂತಿಯೂ ಬಂತು: ನಿಮ್ಮ ವೀಸಾ ಹಿಡಿದು ಬಂದವರ ಬಳಿ ಹಣವಿಲ್ಲ, ಕಾಗದಪತ್ರ ಸರಿಯಿಲ್ಲ, ಷರತ್ತು ಪೂರೈಸದವರಿಗೆ ಕೊಡಬೇಡಿ ಎಂದು. ಸುಗಿಹಾರ ಬರೆಯುವುದನ್ನು ನಿಲ್ಲಿಸಲಿಲ್ಲ.

ಮೊದಲ ಷರತ್ತಿಗೆ ದಾರಿ ಮಾಡಿಕೊಟ್ಟವರು ಇನ್ನೊಬ್ಬರು. ಫಿಲಿಪ್ಸ್ ಕಂಪನಿಯ ಪ್ರತಿನಿಧಿಯಾಗಿದ್ದು, ನೆದರ್ಲೆಂಡ್ಸ್‌ನ ಗೌರವ ಕಾನ್ಸುಲ್ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಯಾನ್ ಜ್ವಾರ್ಟೆಂಡೈಕ್. ಕ್ಯಾರಿಬಿಯನ್ ಸಮುದ್ರದ ಡಚ್ ದ್ವೀಪ ಕ್ಯುರಸಾವ್‌ಗೆ ವೀಸಾ ಬೇಕಿಲ್ಲ ಎಂದು ಅವರು ಬರೆದುಕೊಟ್ಟರು. ಅಲ್ಲಿನ ಗವರ್ನರರ ಅನುಮತಿ ಬೇಕು ಎಂಬ ಉಳಿದರ್ಧ ವಾಕ್ಯವನ್ನು ಬೇಕೆಂದೇ ಬಿಟ್ಟರು. ಬರೆದುಕೊಟ್ಟ ಮೊದಲರ್ಧವನ್ನೇ ಸುಗಿಹಾರ "ಮುಂದಿನ ದೇಶ" ಎಂದು ಒಪ್ಪಿಕೊಂಡರು.

ಈಗ ಹುಡುಗಿಯ ಪ್ರಶ್ನೆ. ಮೊಹರು ಅಸಲಿ, ಸಹಿ ಅಧಿಕಾರವುಳ್ಳವರದು. ಒಳಗಿನ ತಂತಿಯಲ್ಲಿ ಏನಿತ್ತೆಂದು ರೈಲಿನಲ್ಲಿ ಪಾಸ್‌ಪೋರ್ಟ್ ತಿರುವಿ ನೋಡುವವನಿಗೆ ಕಾಣುವುದಿಲ್ಲ. ಸುಗಿಹಾರ ಕದ್ದುಮುಚ್ಚಿಯೂ ಮಾಡಲಿಲ್ಲ. 2,100ಕ್ಕೂ ಹೆಚ್ಚು ಹೆಸರುಗಳ ಪಟ್ಟಿಯನ್ನು ತಾವೇ ಟೋಕಿಯೊಗೆ ಕಳಿಸಿದರು. ಒಂದೇ ವೀಸಾದ ಮೇಲೆ ಇಡೀ ಕುಟುಂಬ ಹೋದದ್ದೂ ಉಂಟು.

ತಡೆಯುವ ಪ್ರಯತ್ನ ನಡೆದದ್ದು ಜಪಾನಿಗೆ ಹಡಗು ಹೊರಡುತ್ತಿದ್ದ ಸೋವಿಯತ್ ಬಂದರು ವ್ಲಾಡಿವೊಸ್ಟಾಕ್‌ನಲ್ಲಿ, 1941ರ ಮಾರ್ಚ್‌ನಲ್ಲಿ. ಇಂಥ ವೀಸಾಗಳನ್ನು ಮತ್ತೆ ತಪಾಸಣೆ ಮಾಡಿ ಎಂದು ಟೋಕಿಯೊ ಹೇಳಿದಾಗ, ಅಲ್ಲಿದ್ದ ಹಂಗಾಮಿ ಕಾನ್ಸುಲ್ ಜನರಲ್ ಸಬುರೊ ನೆಯಿ ಎದುರು ಬರೆದರು. ನಮ್ಮದೇ ಕಾನ್ಸುಲ್ ಕೊಟ್ಟ ವೀಸಾವನ್ನು ನಾವೇ ತಳ್ಳಿಹಾಕಿದರೆ ಜಪಾನಿನ ಮಾತಿಗೆ ಹೊರಗೆ ಬೆಲೆ ಉಳಿಯುವುದಿಲ್ಲ ಎಂಬುದು ಅವರ ವಾದ. ಎಂಥ ಷರಾ ನೋಡಿ! ಸರ್ಕಾರದ ಮರ್ಯಾದೆಯನ್ನೇ ಮುಂದಿಟ್ಟು ಜನರನ್ನು ಹಡಗು ಹತ್ತಿಸಿದರು.

ನನ್ನದೊಂದು ಮಾತು. ಒಮ್ಮೆ ಒಬ್ಬ ಅಜ್ಜಿಯ ಪಿಂಚಣಿ ಅರ್ಜಿಯನ್ನು ವಯಸ್ಸಿನ ದಾಖಲೆ ಇಲ್ಲವೆಂದು ಹಿಂದಿರುಗಿಸಿದೆ. ನಿಯಮ ನನ್ನ ಕಡೆಗೇ ಇತ್ತು. ಆಕೆಯ ಮುಖವೇ ದಾಖಲೆಯಾಗಿತ್ತು. ಆಕೆ ಮತ್ತೆ ಬರಲಿಲ್ಲ. ಸುಗಿಹಾರರ ಬಗ್ಗೆ ಓದುವಾಗ ನನಗೆ ಆ ಅಜ್ಜಿಯೇ ಕಣ್ಣ ಮುಂದೆ ಬರುತ್ತಾಳೆ.

ನಗೋಯಾ ನಿವಾಸಿ:

ಆ ಹಡಗುಗಳು ಬಂದು ನಿಲ್ಲುತ್ತಿದ್ದ ಜಪಾನಿನ ತ್ಸುರುಗ ಬಂದರಿಗೆ ಹೋಗಿದ್ದೆ. ಅಲ್ಲೊಂದು ವಸ್ತುಸಂಗ್ರಹಾಲಯವಿದೆ. ಊರ ಸ್ನಾನಗೃಹದವರು ಒಂದು ದಿನ ನಿರಾಶ್ರಿತರಿಗಾಗಿ ದುಡ್ಡಿಲ್ಲದೆ ಬಾಗಿಲು ತೆರೆದರು, ಹುಡುಗನೊಬ್ಬ ಬುಟ್ಟಿಯಲ್ಲಿ ಸೇಬು ತಂದು ಹಂಚಿದ ಎಂಬ ನೆನಪುಗಳನ್ನು ಅಲ್ಲಿ ಕಾಪಾಡಿದ್ದಾರೆ. ಹಸಿದವರು ಮಾರಿದ ಕೈಗಡಿಯಾರವೂ ಇದೆ. ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ.

ಒಂದು ವಿಷಯ ಸೇರಿಸಿ ಮೇಡಂ: 1947ರಲ್ಲಿ ಸುಗಿಹಾರ ಕೆಲಸ ಬಿಡಬೇಕಾಯಿತು. ಸಿಬ್ಬಂದಿ ಕಡಿತ ಎಂಬುದು ಸಚಿವಾಲಯ ಕೊಟ್ಟ ಕಾರಣ. ಕೌನಾಸ್‌ನ ವೀಸಾಗಳೇ ಕಾರಣ ಎಂದು ಕುಟುಂಬ ನಂಬಿತ್ತು. ಬದುಕಿ ಉಳಿದವರಲ್ಲೊಬ್ಬರು ಅವರನ್ನು ಪತ್ತೆಹಚ್ಚಿದ್ದು 1968ರಲ್ಲಿ.

ಪ್ರೌಢಶಾಲಾ ಶಿಕ್ಷಕಿ:

ಇಬ್ಬರಿಗೂ ಕೃತಜ್ಞತೆ. ಕೌನಾಸ್‌ನಿಂದ ಮಾಸ್ಕೊ, ವ್ಲಾಡಿವೊಸ್ಟಾಕ್, ತ್ಸುರುಗ, ಜಪಾನಿನ ಕೋಬೆ ನಗರದವರೆಗೆ ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದೆ. ನೆಯಿ ಅವರ ಹೆಸರನ್ನೂ ಬರೆಯಿರಿ ಎಂದು ಆ ಹುಡುಗಿಯೇ ಕೇಳಿದಳು. ಆಮೇಲೆ ಭೂಪಟದಲ್ಲಿ ಕ್ಯುರಸಾವ್ ಹುಡುಕಿ ಮತ್ತೊಂದು ಪ್ರಶ್ನೆ ಹಾಕಿದಳು: "ಅಲ್ಲಿಗೆ ಯಾರಾದರೂ ಹೋದರೇ?"

ನಿವೃತ್ತ ಗುಮಾಸ್ತ:

ಹೆಚ್ಚುಕಡಿಮೆ ಯಾರೂ ಹೋಗಲಿಲ್ಲ. ಕೋಬೆಯಲ್ಲಿ ತಂಗುವ ಅವಧಿ ಮುಗಿಯುತ್ತ ಬಂದಾಗ, ಹೀಬ್ರೂ ಬಲ್ಲ ಸೆತ್ಸುಜೊ ಕೊತ್ಸುಜಿ ಎಂಬ ಜಪಾನಿ ವಿದ್ವಾಂಸರು ಅಧಿಕಾರಿಗಳ ಹತ್ತಿರ ಓಡಾಡಿ ಅದನ್ನು ಮುಂದೂಡಿಸಿದರು. ಕೆಲವರಿಗೆ ಅಮೆರಿಕ, ಕೆನಡಾ, ಪ್ಯಾಲೆಸ್ಟೈನ್‌ಗಳ ಬಾಗಿಲು ತೆರೆಯಿತು. ಉಳಿದವರನ್ನು 1941ರಲ್ಲೇ ಶಾಂಘೈಗೆ ಕಳಿಸಿದರು. ಯುದ್ಧಕ್ಕೆ ಮುಂಚೆ ಪೋಲೆಂಡಿನಲ್ಲಿದ್ದ ಮೀರ್ ಎಂಬ ಊರಿನ ಯಹೂದಿ ಧರ್ಮಪಾಠಶಾಲೆಯ ಗುರುಗಳೂ ವಿದ್ಯಾರ್ಥಿಗಳೂ ಅವರಲ್ಲಿದ್ದರು; ಯುದ್ಧ ಮುಗಿಯುವವರೆಗೂ ಅಲ್ಲೇ ಪಾಠ ನಡೆಸಿದರು.